ರಾಕ್ ಹಾಡಿಗೆ ಯಾವ ಭಾಷೆ?

ಕನ್ನಡ ಸಂಘದ ಪತ್ರಿಕೆಯಲ್ಲಿ ಗಿಟಾರಿನ ಗದ್ದಲ ಯಾಕೆ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ನಾನು ಸಂಗೀತ ಕಲಿತವನಲ್ಲ, ವಿಮರ್ಶಕನಂತೂ ಅಲ್ಲವೇ ಅಲ್ಲ. ಜಮಾ-ಖರ್ಚು ಓದುವ ಬಿ.ಕಾಂ. ವಿದ್ಯಾರ್ಥಿ. ಆದರೆ ನನಗೂ ಎರಡು ಕಿವಿ ಉಂಟು. ಅವು ಕೇಳಿದ್ದನ್ನು ಹೇಳುವ ಹಕ್ಕೂ ಉಂಟು.

ಹತ್ತನೆಯ ತರಗತಿವರೆಗೆ ನಾನು ಓದಿದ್ದು ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ. ಕಾಲೇಜಿಗೆ ಬಂದ ಮೇಲೆ ಇಂಗ್ಲಿಷ್ ಮೀಡಿಯಮ್ಮಿನ ಗೆಳೆಯರು ಪಿಂಕ್ ಫ್ಲಾಯ್ಡ್, ಮೆಟಾಲಿಕಾ ಎಂದು ಮಾತಾಡುವಾಗ ಎಲ್ಲ ತಿಳಿದವನಂತೆ ತಲೆಯಾಡಿಸುತ್ತಿದ್ದೆ. ರಾತ್ರಿ ಮೊಬೈಲಿನಲ್ಲಿ ಗುಟ್ಟಾಗಿ ಕೇಳಿದೆ. ಡ್ರಮ್ಮು ಎದೆಗೆ ಬಡಿಯಿತು, ಮಾತು ಮಾತ್ರ ಅರ್ಧವೂ ತಿಳಿಯಲಿಲ್ಲ. ಇದು ನಮ್ಮಂಥವರಿಗಲ್ಲ ಎಂದುಕೊಂಡೆ.

ಕಳೆದ ಬೇಸಿಗೆ ರಜೆಯಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಎರ್ನಾಕುಳದ ಅಕ್ಕನ ಮನೆಗೆ ಹೋದೆ. ಭಾವನಿಗೆ ಹಾಡಿನ ಹುಚ್ಚು. "ಕೊಚ್ಚಿಗೆ ಬಂದು ಕೊಚ್ಚಿಯ ಬ್ಯಾಂಡು ಕೇಳದೆ ಹೋಗ್ತೀಯಾ ಮಾರಾಯಾ?" ಎಂದು ಒಂದೊಂದಾಗಿ ಕೇಳಿಸಿದರು.

ಮೊದಲು '13 ಎಡಿ' ತಂಡದ 'ಗ್ರೌಂಡ್ ಝೀರೋ'. 1990ರದ್ದು. ಕೊಚ್ಚಿಯ ಹುಡುಗರು ಇಂಗ್ಲಿಷಿನಲ್ಲೇ ಹಾಡು ಕಟ್ಟಿ, ದೇಶವೆಲ್ಲ ಕೇಳುವ ಹಾಗೆ ಬಾರಿಸಿದರು. ಬೇರೆಯವರ ಹಾಡನ್ನು ನಕಲು ಮಾಡುವುದೇ ರಾಕ್ ಎಂದಿದ್ದ ಕಾಲದಲ್ಲಿ ಸ್ವಂತ ಹಾಡು ಮಾಡುವುದು ಸಣ್ಣ ಧೈರ್ಯವಲ್ಲ. ಆದರೂ ಕಣ್ಣು ಮುಚ್ಚಿ ಕೇಳಿದರೆ ಇದು ಕೊಚ್ಚಿಯದೆಂದು ನನಗೆ ಗೊತ್ತಾಗುವುದಿಲ್ಲ. ಗೌರವ ಹುಟ್ಟಿತು, ಪ್ರೀತಿ ಹುಟ್ಟಲಿಲ್ಲ.

ಆಮೇಲೆ 'ಮದರ್‌ಜೇನ್'. ಕೊಚ್ಚಿಯಲ್ಲಿ 1996ರಲ್ಲಿ ಶುರುವಾದ ತಂಡ. 'ಮಕ್ತೂಬ್' ಬಂದದ್ದು 2008ರಲ್ಲಿ. ಮಾತು ಇಂಗ್ಲಿಷೇ. ಆದರೆ ಬೈಜು ಧರ್ಮಜನ್ ಅವರ ಗಿಟಾರು ಇದೆಯಲ್ಲ, ಅದು ಇಂಗ್ಲಿಷ್ ಮಾತಾಡುವುದಿಲ್ಲ! ಕರ್ನಾಟಕ ಸಂಗೀತದ ಗಮಕ ತಂತಿಯ ಮೇಲೆ ಜಾರುತ್ತದೆ. ದೇವಸ್ಥಾನದ ಜಾತ್ರೆಯಲ್ಲಿ ನಾದಸ್ವರ ಕೇಳಿದವನಿಗೆ ಅದು ಪರಕೀಯವಲ್ಲ. ಹಾಡುಗಾರ ಸುಮ್ಮನಾಗಿ ಗಿಟಾರು ಮಾತಾಡುವ ಜಾಗಗಳೇ ನನಗೆ ಹೆಚ್ಚು ಹಿಡಿಸಿದವು.

ಒಂದು ದಿನ ಭಾವನ ಜೊತೆ ತಿರುವನಂತಪುರಕ್ಕೆ ಹೋಗಬೇಕಾಯಿತು. ರೈಲಿನಲ್ಲಿ ಇಯರ್‌ಫೋನಿನ ಒಂದು ತುದಿ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. "ಇದು ನಾವು ಹೋಗುತ್ತಿರುವ ಊರಿನದ್ದು" ಎಂದರು. ತಂಡದ ಹೆಸರು 'ಅವಿಯಲ್'. ಹೌದು, ನಾವು ಬಾಳೆಲೆಯಲ್ಲಿ ಬಡಿಸಿಕೊಳ್ಳುವ ಅದೇ ಅವಿಯಲ್. 2003ರಲ್ಲಿ ಹುಟ್ಟಿದ ಈ ತಂಡದ ಮೊದಲ ಆಲ್ಬಂ ಬಂದದ್ದೂ 2008ರಲ್ಲೇ. ಪೂರ್ತಿ ಮಲಯಾಳ! ರೆಕ್ಸ್ ವಿಜಯನ್ ಅವರ ಗಿಟಾರು, ಅದರ ಮೇಲೆ ಗದ್ದೆಬದುವಿನಿಂದ ಎದ್ದು ಬಂದಂಥ ದನಿ. ಮೈ ಜುಮ್ಮೆಂದಿತು.

ಗೆಳೆಯರೇ, ಇಲ್ಲೇ ನನಗೆ ಕಷ್ಟ ಬಂದದ್ದು. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನಾನಾಗ ಏಳನೆಯ ತರಗತಿ. ಮಾಸ್ತರರ ಹಿಂದೆ ನಾನೂ ಫಲಕ ಹಿಡಿದು ಕೂಗಿದ್ದೆ. ಆ ಕೂಗು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಹೇರಿದ ಭಾಷೆ ಗಂಟಲಲ್ಲಿ ಸಿಕ್ಕಿಕೊಂಡಿತು, ಹಾಡಿದ ಭಾಷೆ ತಾನಾಗಿ ಒಳಗಿಳಿಯಿತು. ಹಾಗಾದರೆ ನಾನು ಯಾರ ಪಕ್ಷ? ರೈಲು ಕೊಲ್ಲಂ ದಾಟುವವರೆಗೂ ಇದೇ ಯೋಚನೆ.

ಹೊಸಬರ ಬಗ್ಗೆ ಒಂದು ಮಾತು. ಕೊಚ್ಚಿಯದೇ ಒಂದು ಜಾಗದ ಹೆಸರಿಟ್ಟುಕೊಂಡ 'ತೈಕ್ಕೂಡಂ ಬ್ರಿಡ್ಜ್' ತಂಡದ 'ನವರಸಂ' (2015) ಎಲ್ಲರಿಗೂ ಇಷ್ಟ. ನನಗೆ ಅಷ್ಟಿಲ್ಲ. ಎಲ್ಲ ಚೆಂದ, ಎಲ್ಲ ನುಣುಪು. ಮದುವೆ ಮನೆಯ ಅಲಂಕಾರದ ಹಾಗೆ. ಅವಿಯಲ್‌ನಲ್ಲಿರುವ ಒರಟುತನ ಅಲ್ಲಿಲ್ಲ. ಭಾವ ಇದನ್ನು ಒಪ್ಪುವುದಿಲ್ಲ, ನೀವೂ ಒಪ್ಪಬೇಕಾಗಿಲ್ಲ.

ಇನ್ನು ನಮ್ಮ ಕನ್ನಡ? ಅದೇ 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಂ ಬಂತು. ಶಿಶುನಾಳ ಶರೀಫರ ಗುಡುಗುಡಿಯ ಹಾಡು ಗಿಟಾರಿನ ಜೊತೆ ಕುಣಿಯಿತು. ಸಂತೋಷವೇ. ಆದರೆ ಆ ಆಲ್ಬಮ್ಮಿನಲ್ಲಿ ಹೆಚ್ಚಿನವು ಹಿಂದಿ ಹಾಡುಗಳು. ಮತ್ತೆ ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ಸಿಟ್ಟು, ನಮ್ಮ ಬೇಸರ, ಕೆಲಸ ಸಿಗುತ್ತದೋ ಇಲ್ಲವೋ ಎಂಬ ನಮ್ಮ ಭಯ - ಇದನ್ನೆಲ್ಲ ಹಾಡಲಿಕ್ಕೂ ಆ ಅಜ್ಜನೇ ಎದ್ದು ಬರಬೇಕೇ?

ರಾಕ್ ಎಂದರೆ ಬರೀ ಗಲಾಟೆ ಎನ್ನುವ ಹಿರಿಯರಿಗೆ ಒಂದು ಪ್ರಶ್ನೆ. ಕುಂಬಳೆ ಸೀಮೆಯ ಬಯಲಲ್ಲಿ ಬೆಳಗಿನ ತನಕ ಯಕ್ಷಗಾನದ ಚೆಂಡೆ ಕೇಳಿದವರು ನಾವು. ನಮಗೆ ಗಲಾಟೆಯ ಹೆದರಿಕೆಯೇ? ಕಾಸರಗೋಡಿಗಾಗಿ ಕಯ್ಯಾರ ಕಿಞ್ಞಣ್ಣ ರೈಗಳು ಬರೆದ ಕವಿತೆಗಳಲ್ಲಿ ಇರುವ ಬೆಂಕಿಗೆ ಯಾವ ಗಿಟಾರು ಸಾಟಿ?

ಕನ್ನಡ ಉಳಿಯಬೇಕು ಎಂದು ನಾವು ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುತ್ತೇವೆ. ಮಲಯಾಳಿ ಹುಡುಗರು ಭಾಷಣ ಮಾಡಲಿಲ್ಲ, ಆಂಪ್ಲಿಫೈಯರಿಗೆ ವಯರು ಸಿಕ್ಕಿಸಿದರು. ನನ್ನಂಥ ಪರಭಾಷೆಯವನನ್ನೂ ಒಲಿಸಿಕೊಂಡರು.

ನಮ್ಮ ಕಾಲೇಜಿನಲ್ಲಿ ಗಿಟಾರು ಬಾರಿಸುವವರು ಮೂವರಿದ್ದಾರೆ. ಕ್ಯಾಂಟೀನಿನ ಹಿಂದೆ ಕೂತು ಇಂಗ್ಲಿಷ್ ಹಾಡು ಹೇಳುತ್ತಾರೆ. ಕವಿತೆ ಬರೆಯುವವರು ಈ ಸಂಘದಲ್ಲಿ ಒಂದು ಡಜನ್ನಿಗೆ ಕಡಿಮೆಯಿಲ್ಲ. ಈ ಇಬ್ಬರೂ ಒಮ್ಮೆಯೂ ಒಟ್ಟಿಗೆ ಚಾ ಕುಡಿದದ್ದನ್ನು ನಾನು ನೋಡಿಲ್ಲ. ಬರುವ ಶನಿವಾರ ಚಾದ ಖರ್ಚು ನನ್ನದು.