ಹೋಮ್‌ಸ್ಟೇ ಇದೆ, ಮನೆಯವರು ಎಲ್ಲಿ?

ಶನಿವಾರ ಬಂತೆಂದರೆ ದಾಂಡೇಲಿಯ ರಸ್ತೆಯಲ್ಲಿ ಬೆಂಗಳೂರು, ಹುಬ್ಬಳ್ಳಿ, ಗೋವಾ ಕಾರುಗಳ ಸಾಲು. ನಮ್ಮ ಅಜ್ಜಂದಿರ ಕಾಲಕ್ಕೆ ಇದು ಪೇಪರ್ ಮಿಲ್ಲಿನ ಊರು. ಈಗ ಹೊರಗಿನವರಿಗೆ ಕಾಳಿ ನದಿಯ ರಾಫ್ಟಿಂಗ್ ಊರು.

ಪ್ರವಾಸಿಗರು ಬರುವುದೇ ಬೇಡ ಎನ್ನುವವಳು ನಾನಲ್ಲ. ನನ್ನ ಮಾಮು ಜೀಪ್ ಓಡಿಸುತ್ತಾರೆ. ಸೀಸನ್ ಚೆನ್ನಾಗಿದ್ದ ವರ್ಷ ಅವರ ಮಕ್ಕಳ ಫೀಸಿಗೆ ಸಾಲ ಮಾಡುವುದಿಲ್ಲ. ಕೆಲಸ ಹುಡುಕಿ ಗೋವಾಕ್ಕೆ ಹೋಗಬೇಕಿದ್ದ ಹುಡುಗರು ಗೈಡ್ ಆಗಿ ಊರಲ್ಲೇ ಉಳಿದಿದ್ದಾರೆ. ಇದು ಸಣ್ಣ ಮಾತಲ್ಲ.

ಆದರೆ ಹೋಮ್‌ಸ್ಟೇ ಎಂದರೇನು? ಮನೆಯವರು ಅಲ್ಲೇ ಇದ್ದು, ಒಂದೆರಡು ಕೋಣೆ ಅತಿಥಿಗಳಿಗೆ ಕೊಡುವುದು. ಜೋಯಿಡಾ ತಾಲ್ಲೂಕಿನ ಎಷ್ಟೋ ಬೋರ್ಡುಗಳ ಹಿಂದೆ ಮನೆಯವರೇ ಇಲ್ಲ. ಮಾಲೀಕರು ನಗರದಲ್ಲಿ, ಮ್ಯಾನೇಜರ್ ಇಲ್ಲಿ. ಜಮೀನು ಮಾರಿದವರ ಮಗ ಅದೇ ಜಮೀನಿನಲ್ಲಿ ತಟ್ಟೆ ತೊಳೆಯುತ್ತಾನೆ. ಮಾರಿದ ದುಡ್ಡು ಮದುವೆಗೋ ಆಸ್ಪತ್ರೆಗೋ ಮುಗಿದುಹೋಗುತ್ತದೆ. ಜಮೀನು ತಿರುಗಿ ಬರುವುದಿಲ್ಲ.

ಊಟವನ್ನೇ ನೋಡಿ. ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆ-ಗೆಣಸುಗಳಿಗೆ ಅಲ್ಲಿ ಮೇಳವೇ ನಡೆಯುತ್ತದೆ. ರೆಸಾರ್ಟಿನ ಮೆನುವಿನಲ್ಲಿ ಮಾತ್ರ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ. ಪನೀರ್ ತಿನ್ನಲು ಬೆಂಗಳೂರಿನಿಂದ ಇಷ್ಟು ದೂರ ಬರಬೇಕೆ? ಆ ಗೆಡ್ಡೆಗಳನ್ನು ರೆಸಾರ್ಟಿನವರು ಕೊಂಡರೂ ಸಾಕು, ಹತ್ತಾರು ಮನೆಗಳಿಗೆ ವಾರದ ಸಂತೆ ಖರ್ಚು ಹುಟ್ಟುತ್ತದೆ.

ಇನ್ನೂ ನೋವಿನ ವಿಷಯ ಕಾಡಿನ ಒಳಗಿದೆ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಒಳಗಿನ ಹಳ್ಳಿಗಳವರು ಪರಿಹಾರ ಪಡೆದು ಹೊರಬರಬಹುದು. ಈಗಿನ ಕೇಂದ್ರ ಯೋಜನೆಯಲ್ಲಿ ಕುಟುಂಬಕ್ಕೆ 15 ಲಕ್ಷ ರೂಪಾಯಿ. ಇದು ಸ್ವಇಚ್ಛೆಯದು ಎಂದು ಕಾಗದ ಹೇಳುತ್ತದೆ. ರಸ್ತೆ, ಕರೆಂಟು, ಆಸ್ಪತ್ರೆಗಾಗಿ ಕಾದು ಸಾಕಾದವರ ಇಚ್ಛೆ ಎಂಥದ್ದು? ಹುಲಿಗೆ ಜಾಗ ಬೇಕು, ಒಪ್ಪುತ್ತೇನೆ. ಆದರೆ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಒಯ್ಯಲು ದಾರಿಯಿಲ್ಲದ ಕಾಡಿನಲ್ಲೇ ಸಫಾರಿ ಜೀಪಿಗೆ ದಾರಿ ಇರುವುದು ನನಗೆ ಅರ್ಥವಾಗುವುದಿಲ್ಲ.

ಹೋಮ್‌ಸ್ಟೇ ಪರವಾನಗಿಯನ್ನು ಆ ಮನೆಯಲ್ಲಿ ವಾಸಿಸುವವರಿಗೆ ಮಾತ್ರ ಕೊಡಲಿ. ಯಾರಿಗೆ ಕೊಟ್ಟಿದ್ದಾರೆ ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಜಮೀನು ಕೇಳಿ ಬಂದವರು ತರುವ ಕರಾರಿನಲ್ಲಿ ಏನಿದೆ ಎಂದು ನಮ್ಮ ಹಳ್ಳಿಗಳಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ. ಕಾಮರ್ಸ್ ವಿಭಾಗದ ಸರ್, ಮೇಡಂ ಒಂದು ದಿನ ಕರಾರು ಪತ್ರ ಓದುವುದನ್ನು ಹೇಳಿಕೊಟ್ಟರೆ, ಹಳ್ಳಿಯಿಂದ ಬಸ್ಸಿನಲ್ಲಿ ಬರುವ ನಮ್ಮ ಗೆಳೆಯ-ಗೆಳತಿಯರು ಅದನ್ನು ಮನೆಯವರೆಗೆ ಮುಟ್ಟಿಸುತ್ತಾರೆ.