ನೃಪತುಂಗನ ಕಾಲದ ಒಂದು ಸಂಖ್ಯಾಹಾರ

ಈಚೆಗೆ ವಿದ್ಯಾರ್ಥಿಗಳೊಡನೆ ದಾವಣಗೆರೆಯಿಂದ ಹರಿಹರಕ್ಕೆ ಹೋಗಿದ್ದೆ. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನೂ ಅಲ್ಲಿಯ ಶಾಸನಗಳನ್ನೂ ತೋರಿಸುವುದು ನನ್ನ ಉದ್ದೇಶವಾಗಿತ್ತು. ಮಂಟಪದಲ್ಲಿ ಕುಳಿತಾಗ ಮಾತು ಹಿಂದು ಹಿಂದಕ್ಕೆ ಸರಿದು ‘ಕವಿರಾಜಮಾರ್ಗ’ವನ್ನು ಮುಟ್ಟಿತು. ಆಗ ವಿಜ್ಞಾನದ ವಿದ್ಯಾರ್ಥಿಯೊಬ್ಬ ಕೇಳಿದ: “ನೃಪತುಂಗನ ಕಾಲದಲ್ಲಿ ಕಾವ್ಯದ ಹೊರತು ಬೇರೆ ವಿದ್ಯೆಯೇ ಇರಲಿಲ್ಲವೆ, ಸಾರ್?” ನನಗೆ ನಾಚಿಕೆಯಾಯಿತು. ವರ್ಷಗಳಿಂದ ಆ ಕಾಲವನ್ನು ಬೋಧಿಸುತ್ತಿದ್ದರೂ ತರಗತಿಯಲ್ಲಿ ಮಹಾವೀರಾಚಾರ್ಯನ ಹೆಸರನ್ನು ನಾನು ಎತ್ತಿದವನೇ ಅಲ್ಲ.

ಸುಮಾರು 850ರಲ್ಲಿ ರಚಿತವಾದ ಅವನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೇ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಗುಣಾಕಾರದ ಪ್ರಕರಣದಲ್ಲಿ ಹಾರದಂತೆ ತೋರುವ ಗುಣಲಬ್ಧಗಳನ್ನು ಅವನು ಕೊಡುತ್ತಾನೆ. 27994681ನ್ನು 441ರಿಂದ ಗುಣಿಸಿದರೆ ಬರುವ 12345654321 ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಬಾಯಲ್ಲಿ ಹೇಳಿದರೆ ಅದರ ಚೆಲುವೆಲ್ಲ ಮರೆಯಾಗುತ್ತದೆ. ಮಹಾವೀರನಾದರೋ ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಅದನ್ನು ಬಣ್ಣಿಸುತ್ತಾನೆ. ಇದು ಕವಿಯ ಕಣ್ಣು. ‘ವಿಕಟಕವಿ’ ಎಂಬ ಪದದಂತೆ, ಚಿತ್ರಕಾವ್ಯದ ಗತಪ್ರತ್ಯಾಗತದಂತೆ, ಎತ್ತಲಿಂದ ಓದಿದರೂ ಒಂದೇ.

ಇದರ ಒಳಗುಟ್ಟು ಇನ್ನೂ ಸೊಗಸು. 111111ನ್ನು ಅದರಿಂದಲೇ ಗುಣಿಸಿದರೂ ಇದೇ ಬರುತ್ತದೆ. ಆರು ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿದರೆ ನಡುವೆ ಆರು ಒಂದುಗಳು ಸೇರುತ್ತವೆ. ಇಕ್ಕೆಲಗಳಲ್ಲಿ ಒಂದೊಂದಾಗಿ ಕಡಮೆಯಾಗುತ್ತವೆ. ಯಾವ ಸ್ಥಾನದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕ ಒಯ್ಯುವ ಪ್ರಮೇಯವಿಲ್ಲ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನೂ 5291ನ್ನೂ ಗುಣಿಸಿದರೆ ಅದೇ 111111. ಹಾರದ ಎಳೆಯನ್ನು ಎರಡು ತುಂಡು ಮಾಡಿ ಆಚಾರ್ಯನು ಬಚ್ಚಿಟ್ಟಂತಿದೆ! ಅಂಕಿಗಳನ್ನೆಲ್ಲ ಕೂಡಿದರೆ 36; ಅದೂ ಆರರ ವರ್ಗವೇ.

ಸಂಸ್ಕೃತದ ಗಣಿತಗ್ರಂಥ ಕನ್ನಡದ ಅಧ್ಯಾಪಕರಿಗೇಕೆ ಎನ್ನುವವರುಂಟು. ಒಪ್ಪತಕ್ಕ ಮಾತಲ್ಲ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ, ಅವನ ಹೆಸರನ್ನೂ ನಾವು ಒಂದು ಸಾಲಿನಲ್ಲಿ ಉರು ಹೊಡೆಸಿ ಮುಂದೆ ಸಾಗುತ್ತೇವೆ. ಮಹಾವೀರನ ಗ್ರಂಥವೂ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. ಪದ್ಯ ನಮಗೆ, ಲೆಕ್ಕ ಅವರಿಗೆ ಎಂಬ ಪಾಲುಪಟ್ಟಿ ಕಾಲೇಜಿನ ವೇಳಾಪಟ್ಟಿಯಷ್ಟೇ ಹಳೆಯದು. ಅದನ್ನು ನಂಬಿ ಕನ್ನಡ ಓದುವ ಹುಡುಗಿ ಲೆಕ್ಕ ತನಗೆ ಸಲ್ಲದೆಂದುಕೊಳ್ಳುತ್ತಾಳೆ. ಲೆಕ್ಕದ ಹುಡುಗ ಕನ್ನಡದಲ್ಲಿ ತನಗೇನೂ ಇಲ್ಲವೆಂದುಕೊಳ್ಳುತ್ತಾನೆ. ‘ಕವಿರಾಜಮಾರ್ಗ’ದ ಪಾಠದೊಡನೆ ಈ ಹಾರಗಳಿಗೂ ಒಂದು ಗಂಟೆ ಸಲ್ಲಬೇಕೆಂದು ನನ್ನ ಮತ.

ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗ ಸುಮ್ಮನಿರಲಿಲ್ಲ. ಒಂಬತ್ತು ಒಂದುಗಳವರೆಗೆ ಹಾರ ಬೆಳೆಯಿತು: 12345678987654321. ಹತ್ತನೆಯ ಒಂದನ್ನು ಸೇರಿಸಿದೊಡನೆ ದಶಕ ಹುಟ್ಟಿ ಎಳೆ ಕಡಿಯಿತು. ದಾವಣಗೆರೆಯಲ್ಲಿ ಇಳಿಯುವಾಗ 1234567900987654321 ಎಂದು ಬರೆದ ಚೀಟಿಯನ್ನು ನನ್ನ ಮುಂದೆ ಹಿಡಿದು, “ಏರುವ ದಾರಿಯಲ್ಲಿ ಎಂಟು ಎಲ್ಲಿಗೆ ಹೋಯಿತು, ಸಾರ್?” ಎಂದ.