ಕೂದಲಿನ ಗೂಡು ಮತ್ತು ಕ್ಷೌರಿಕನ ಬೆರಳು

ಬೆನ್ನಿನ ಕೆಳತುದಿಯಲ್ಲಿ, ಪೃಷ್ಠಗಳ ನಡುವಿನ ಸೀಳಿನ ಮೇಲ್ಭಾಗದಲ್ಲಿ ಕೆಲವರಿಗೆ ಸಣ್ಣ ರಂಧ್ರವಾಗುತ್ತದೆ. ಒಳಗೆ ಕೂದಲು ಸೇರಿ ಕೀವು ತುಂಬುತ್ತದೆ. ಕೂರಲೂ ಆಗದಷ್ಟು ನೋವು. ಹದಿಹರೆಯದವರನ್ನು, ಅದರಲ್ಲೂ ಹುಡುಗರನ್ನು ಹೆಚ್ಚಾಗಿ ಕಾಡುವ ಈ ರೋಗಕ್ಕೆ 1880ರಲ್ಲಿ ಅಮೆರಿಕದ ವೈದ್ಯ ಹಾಜಸ್ ‘ಪೈಲೋನಿಡಲ್ ಸೈನಸ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ‘ಪೈಲಸ್’ ಎಂದರೆ ಕೂದಲು, ‘ನೈಡಸ್’ ಎಂದರೆ ಗೂಡು.

ಈ ಗೂಡಿಗೆ ಕೂದಲು ಬಂದದ್ದೆಲ್ಲಿಂದ? ಭ್ರೂಣದ ಬೆಳವಣಿಗೆಯಲ್ಲಿ ಚರ್ಮ ಸರಿಯಾಗಿ ಕೂಡದೆ ಉಳಿದ ಚೀಲವೇ ಇದಕ್ಕೆ ಮೂಲ ಎಂದು ವೈದ್ಯರು ಬಹುಕಾಲ ನಂಬಿದ್ದರು. ಹುಟ್ಟಿನಿಂದ ಬಂದದ್ದಾದರೆ ಬೇರುಸಹಿತ ಕಿತ್ತೊಗೆಯಬೇಕಲ್ಲವೇ? ಹಾಗಾಗಿ ಮೂಳೆಯವರೆಗೂ ಆಳವಾಗಿ ಕೊಯ್ಯುತ್ತಿದ್ದರು. ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮಾಯ್ದರೂ ರೋಗ ಮರುಕಳಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 80,000 ಅಮೆರಿಕನ್ ಸೈನಿಕರು ಇದರಿಂದ ಆಸ್ಪತ್ರೆ ಸೇರಿದರು. ಕುಲುಕಾಡುವ ವಾಹನಗಳ ಸವಾರಿಯನ್ನು ನೆನೆದು 1944ರಲ್ಲಿ ವೈದ್ಯ ಬ್ಯೂಯಿ ಇದನ್ನು ‘ಜೀಪು ರೋಗ’ ಎಂದೇ ಕರೆದರು.

1946ರಲ್ಲಿ ಇಂಗ್ಲೆಂಡಿನ ಪೇಟೀ ಮತ್ತು ಸ್ಕಾರ್ಫ್ ಹಳೆಯ ನಂಬಿಕೆಯನ್ನೇ ಪ್ರಶ್ನಿಸಿದರು. 1948ರಲ್ಲಿ ಅವರು ವರದಿ ಮಾಡಿದ್ದು ಒಬ್ಬ ಕ್ಷೌರಿಕನ ಕೈಯಲ್ಲಿದ್ದ ಇದೇ ಬಗೆಯ ಗೂಡನ್ನು! ಬೆರಳ ಸಂದಿಯಲ್ಲಿ ಹುಟ್ಟಿನಿಂದ ಬಂದ ಚೀಲವೆಲ್ಲಿ? ಕತ್ತರಿಸಿದ ಕೂದಲೇ ಹೊರಗಿನಿಂದ ಚರ್ಮವನ್ನು ಚುಚ್ಚಿ ಒಳಸೇರುತ್ತದೆ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಹುಲ್ಲಿನ ತೆನೆಯನ್ನು ಅಂಗಿಯ ತೋಳಿನೊಳಗೆ ಇಟ್ಟರೆ ಅದು ಒಂದೇ ದಿಕ್ಕಿಗೆ ಹತ್ತುತ್ತಾ ಹೋಗುವುದನ್ನು ಮಕ್ಕಳು ಬಲ್ಲರು. ಕೂದಲಿನ ಮೈಮೇಲೂ ಅಂಥ ಸೂಕ್ಷ್ಮ ಹುರುಪೆಗಳಿವೆ. ಒಮ್ಮೆ ಹೊಕ್ಕ ಕೂದಲು ಹಿಂದಕ್ಕೆ ಬಾರದು.

ಗ್ರೀಸಿನ ಸೇನಾ ವೈದ್ಯ ಕಾರಿಡಾಕಿಸ್ ಇದೇ ತತ್ವವನ್ನು ಹಿಡಿದು, ಹೊಲಿಗೆಯನ್ನು ಸೀಳಿನ ನಡುವಿನಿಂದ ಪಕ್ಕಕ್ಕೆ ಸರಿಸುವ ಶಸ್ತ್ರಕ್ರಿಯೆ ರೂಪಿಸಿದರು. ಅಮೆರಿಕದ ಬ್ಯಾಸ್ಕಮ್ 1980ರಲ್ಲಿ ಕೂದಲ ಬುಡದ ರಂಧ್ರ ಹಿಗ್ಗಿ ಸೋಂಕಾಗುವುದೇ ಮೊದಲ ಹೆಜ್ಜೆ ಎಂದು ವಾದಿಸಿದರು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಗೂಡಿನೊಳಗೆ ಬೇರಿಲ್ಲದ, ಚೂಪು ತುದಿಯ ತಲೆಗೂದಲ ತುಣುಕುಗಳು ಹೇರಳವಾಗಿರುವುದನ್ನು ತೋರಿಸಿತು. ಚರ್ಚೆ ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಕಾರಣದ ತಿಳಿವು ಬದಲಾದಂತೆ ಚಿಕಿತ್ಸೆಯೂ ಬದಲಾಗಿದೆ. ಎಲ್ಲರಿಗೂ ದೊಡ್ಡ ಕೊಯ್ತ ಬೇಕಿಲ್ಲ.

ಓದಲು ಕೂತ ಮಗ ಪದೇ ಪದೇ ಮಗ್ಗುಲು ಬದಲಿಸಿದರೆ ತಂದೆತಾಯಂದಿರು ಗದರುವ ಮೊದಲು ಕಾರಣ ಕೇಳಲಿ. ವಿದ್ಯಾರ್ಥಿಗಳೂ ಅಷ್ಟೆ: ಆ ಜಾಗದ ಗಂಟನ್ನು ನಾಚಿಕೆಯಿಂದ ಮುಚ್ಚಿಡಬೇಡಿ, ಹಿಸುಕಲೂ ಬೇಡಿ. ವೈದ್ಯರಿಗೆ ತೋರಿಸಿ.